ಮೂರು ಸೀಟಿ, ಬೋರ್ ನೀರಾದರೆ ಐದು

ರಟ್ಟು ಹೋಗಿದೆ, ಹಾಗಾಗಿ ಹೆಸರೂ ಇಲ್ಲ.
ಅವೆನ್ಯೂ ರಸ್ತೆಯ ಫುಟ್‌ಪಾತಿನವನು
ಬದನೆಕಾಯಿ ತೂಗುವ ಹಾಗೆ ಅಂಗೈಯಲ್ಲಿ ಕುಣಿಸಿ
ಎಂಬತ್ತು ಅಂದ, ನಲವತ್ತಕ್ಕೆ ಕೊಟ್ಟ.

ಇದು ಒಂದು ಪಲ್ಯವನ್ನೂ
ಮೊದಲಿಂದ ಕೊನೆತನಕ ಹೇಳಿಕೊಡುವುದಿಲ್ಲ.
ಯಾವ ಕಾಳು ಎಷ್ಟು ಹೊತ್ತು ನೆನೆಯಬೇಕು,
ಪಾವು ಅಂದರೆ ಎಷ್ಟು ಗ್ರಾಂ,
ಹುಣಸೆಹಣ್ಣು ಮುಗಿದ ದಿನ ಏನು ಗತಿ,
ಬರೀ ಇಂಥವು, ಅಕಾರಾದಿಯಾಗಿ.
ಅಕ್ಕಿಯಲ್ಲಿ ಹತ್ತಿದರೆ
ಹೋಳಿಗೆಯಲ್ಲಿ ಇಳಿಯಬೇಕು.

ಕುಮುದಾ ನಕ್ಕಳು. "ಟೈಮ್ ಟೇಬಲ್ಲು!
ಡಿಪೋದಲ್ಲಿ ಬರೆದದ್ದು ಸಾಲದು ಅಂತ
ಮನೆಗೂ ತಂದಿರಾ?"
ಅವಳದು ಮೂಗಿನ ಅಡುಗೆ.
ನಡುಮನೆಯಲ್ಲಿ ಹೂ ಕಟ್ಟುತ್ತಾ ಕೂತು
"ಮೆಂತ್ಯ ಈಗ ಕಹಿಯಾಗತ್ತೆ, ಇಳಿಸಿ" ಅನ್ನುವಳು.
ಓಡಿ ಹೋಗಿ ನೋಡಿದರೆ, ಹೌದು, ಆ ಕ್ಷಣವೇ.
ಸಾರಿಗೆ ಉಪ್ಪು ಸಾಲದ್ದನ್ನು
ಆವಿಯಲ್ಲೇ ಕಂಡುಹಿಡಿದದ್ದಕ್ಕೆ ನಾನೇ ಸಾಕ್ಷಿ.

ಪುಸ್ತಕ ಗ್ರೈಂಡರಿನ ಕುಂಟು ಕಾಲಡಿ ಸೇರಿತು.
ಅಲುಗಾಟ ನಿಂತಿತು.
ಅದರಿಂದ ಆದ ಮೊದಲ ಉಪಯೋಗ ಅದೇ.

ಆಷಾಢದ ಜ್ವರ ಹತ್ತು ದಿನಕ್ಕೆ ಬಿಟ್ಟಿತು,
ಹೋಗುವಾಗ ವಾಸನೆಯನ್ನೆಲ್ಲ ಕಟ್ಟಿಕೊಂಡು ಹೋಯಿತು.
ಕಾಫಿಪುಡಿಯ ಡಬ್ಬಿಗೆ ಮುಖವಿಟ್ಟು
ತುಂಬಾ ಹೊತ್ತು ನಿಂತಿದ್ದಳು ಒಂದು ಬೆಳಿಗ್ಗೆ.
"ಮರಳು," ಅಂದಳು.
ಡಾಕ್ಟರು ವಾಪಸ್ಸು ಬರಬಹುದು ಅಂದರು,
ಯಾವಾಗ ಅನ್ನಲಿಲ್ಲ.
ಅದೇ ವಾರ ಹಾಲು ಎರಡು ಸಲ ತಳಹಿಡಿಯಿತು,
ಅವಳು ಪಕ್ಕದಲ್ಲೇ ಇದ್ದಳು.
ಗ್ಯಾಸ್ ಸೋರುತ್ತಿದೆ ಅಂತ
ಕೆಳಗಿನ ಮನೆಯ ಷಮೀಮ್ ಓಡಿಬಂದು ಹೇಳಬೇಕಾಯಿತು.
ಆಮೇಲೆ ತನ್ನ ಒಲೆಯ ಮುಂದೆ
ಮೊದಲ ಸಲ ಯಾರದೋ ಮನೆಗೆ ಬಂದವಳಂತೆ
ಸೆರಗು ಹಿಡಿದು ನಿಲ್ಲುತ್ತಿದ್ದಳು.

ಒಂದು ಸಂಜೆ, ಮತ್ತೆ ಗ್ರೈಂಡರು ಕುಂಟುವ ಸದ್ದು.
ಪುಸ್ತಕ ಅವಳ ಮಡಿಲಲ್ಲಿ,
ಅರೆದ ಉದ್ದಿನ ಬೆರಳು ಸಾಲಿನ ಮೇಲೆ:
ಮೆಂತ್ಯ, ಸಣ್ಣ ಉರಿ, ಎರಡು ನಿಮಿಷ,
ಕಾಳು ಇಟ್ಟಿಗೆ ಬಣ್ಣಕ್ಕೆ ತಿರುಗಿದಾಗ.
"ಇದನ್ನ ನೋಡಿದ್ರಾ?" ಅಂದಳು.
ಅಂಚಿನಲ್ಲೆಲ್ಲ ಪೆನ್ಸಿಲ್. ನಾನು ನೋಡಿರಲಿಲ್ಲ.
ಕೊನೆಯ ಹಾಳೆಯಲ್ಲಿ ಹೆಸರು:
ಎಂ. ರೋಸ್ಲಿನ್, ಲಿಂಗರಾಜಪುರ.

ತೊಗರಿಬೇಳೆಗೆ ಮೂರು ಸೀಟಿ ಎಂದು ಅಚ್ಚು.
ಪಕ್ಕದಲ್ಲಿ ರೋಸ್ಲಿನ್:
ಕಾವೇರಿ ನೀರಿಗೆ ಸರಿ. ಬೋರ್ ನೀರಾದರೆ ಐದು.
ದೋಸೆಹಿಟ್ಟು ಹುಳಿಯಲು ಎಂಟು ಗಂಟೆ.
ಡಿಸೆಂಬರಿನಲ್ಲಿ ನಂಬಬೇಡ.
ಕಂಬಳಿ ಸುತ್ತಿ ಫ್ರಿಜ್ಜಿನ ತಲೆಮೇಲಿಡು, ಹದಿನಾಲ್ಕು.
ನೀರು ನೂರು ಡಿಗ್ರಿಗೆ ಕುದಿಯುತ್ತದೆ ಎಂಬಲ್ಲಿ
ಗೀಟು ಎಳೆದಿದ್ದಾಳೆ:
ನಮ್ಮೂರಲ್ಲಿ ತೊಂಬತ್ತೇಳು. ನಾವು ಎತ್ತರದಲ್ಲಿದ್ದೇವೆ.

ಕುಮುದಾ ಅದನ್ನು ಎರಡು ಸಲ ಓದಿದಳು.
ಕಿಟಕಿಯಾಚೆ ಮಾಗಡಿ ರಸ್ತೆಯ ಧೂಳು,
ರಿವರ್ಸ್ ತೆಗೆಯಲಾಗದ ನೀರಿನ ಟ್ಯಾಂಕರು,
ಒಣಗಿದ ಬಟ್ಟೆ ಎತ್ತಿಕೊಳ್ಳುತ್ತಿದ್ದ ಯಾರೋ.
ಇಷ್ಟು ವರ್ಷ ಗೊತ್ತೇ ಇರಲಿಲ್ಲ, ಅಂದಳು,
ನಾವು ಎತ್ತರದಲ್ಲಿದ್ದೇವಂತೆ.

ಈಗ ಗಡಿಯಾರ ಅಡುಗೆಮನೆಗೆ ಬಂದಿದೆ.
ತಕ್ಕಡಿ ಬಂದಿದೆ, ಸಣ್ಣದು,
ಅಕ್ಕಸಾಲಿಗನ ಗತ್ತಿನಲ್ಲಿ ಧನಿಯಾ ತೂಗುತ್ತಾಳೆ.
ಸಾರು ಮೊದಲಿನ ಸಾರಲ್ಲ; ಸುಳ್ಳೇಕೆ.
ಆದರೆ ಅದು ಸಾರು, ದಿನಾ,
ಮತ್ತು ಅವಳು ಮಾಡಿದ್ದು.

ನಿನ್ನೆ ಅವಳಿಲ್ಲದಾಗ ಇಂಗಿನ ಪುಟ ತೆಗೆದೆ.
ರೋಸ್ಲಿನ್‌ಳ ಪೆನ್ಸಿಲ್ಲಿನ ಕೆಳಗೆ ನೀಲಿ ಬಾಲ್‌ಪೆನ್ನು,
ಕುಮುದಾಳ ವಾಲುವ ಅಕ್ಷರ:
ಕಡಲೆಕಾಳಿನಷ್ಟು. ಜಾಸ್ತಿಯಾಯ್ತೇನೋ ಎಂದು
ಇವರನ್ನು ಕೇಳಬೇಡ. ಷಮೀಮ್‌ಳನ್ನು ಕೇಳು.
ಇವರು ಎಲ್ಲಕ್ಕೂ ಚೆನ್ನಾಗಿದೆ ಅನ್ನುತ್ತಾರೆ.

ಯಾರಿಗೆ ಬರೆದಳೋ.
ಗ್ರೈಂಡರಿನ ಕಾಲಡಿ
ಡಿಪೋದ ಹಳೆಯ ವೇಳಾಪಟ್ಟಿ ಇಟ್ಟಿದ್ದೇನೆ,
ನಾಲ್ಕು ಮಡಿಕೆ. ಇನ್ನೂ ಸ್ವಲ್ಪ ಅಲುಗುತ್ತದೆ.